ಹಾಲ್ವರ್ಸನ್ನರ ಗಂಟಲು

ಜುಲೈ ಕೊನೆಯ ದಿನ ಸಂಜೆ ಆರಕ್ಕೆ ಆಟಗಾರರ ಅದಲುಬದಲಿಗೆ ಗಡುವು. ನಮ್ಮ ಬೇಸ್‌ಬಾಲ್ ತಂಡ ಪಟ್ಟಿಯ ತಳದಲ್ಲಿತ್ತು. ಅಂಥ ತಂಡಗಳು ಮಾಡುವುದಿಷ್ಟೇ: ಹಣ್ಣನ್ನು ಕೊಟ್ಟು ಕಾಯಿ ತಂದು, ಅದು ಹಣ್ಣಾಗಲೆಂದು ವರ್ಷಗಟ್ಟಲೆ ಕಾಯುವುದು.

ನಮ್ಮಲ್ಲಿದ್ದ ಹಣ್ಣೆಂದರೆ ಡೆಲ್ ರಕರ್ಟ್. ವಯಸ್ಸು ಮೂವತ್ತೇಳು. ಹದಿಮೂರು ವರ್ಷ ಇದೇ ಊರಿಗೆ ಆಡಿದವನಾದ್ದರಿಂದ ಅವನು ಒಪ್ಪದೆ ಯಾರೂ ಅವನನ್ನು ಬೇರೆ ತಂಡಕ್ಕೆ ಕಳಿಸುವಂತಿರಲಿಲ್ಲ. "ನನ್ನನ್ನ ಇಲ್ಲಿಂದ ಹೊತ್ಕೊಂಡೇ ಹೋಗ್ಬೇಕು" ಎಂದು ಪ್ರತಿ ಜುಲೈನಲ್ಲೂ ಟಿವಿಯವರಿಗೆ ಹೇಳುತ್ತಿದ್ದ.

ನಾನು ಎರಡನೇ ಕ್ಯಾಚರ್, ಮೊದಲನೆಯವನಿಗೆ ಆಗದಿದ್ದಾಗ ಮಾತ್ರ ಚೆಂಡು ಹಿಡಿಯಲು ಇಳಿಯುವವನು. ಆಡಿದ್ದಕ್ಕಿಂತ ಬೆಂಚಿನ ಮೇಲೆ ಕೂತು ಆಡಿಕೊಂಡಿದ್ದೇ ಹೆಚ್ಚು. ತಂಡದ ಕೊಡುಕೊಳ್ಳುವಿಕೆ ನೋಡುವ ಹಾಲ್ವರ್ಸನ್ನರ ದನಿಯನ್ನು ಅನುಕರಿಸುವುದೇ ನನ್ನ ಹೆಗ್ಗಳಿಕೆ. ಮಾತಿಗೊಮ್ಮೆ ಅವರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

ಐದೂವರೆಗೆ ಡೆಲ್ ನಮ್ಮ ಡ್ರೆಸಿಂಗ್ ರೂಮಿನ ಪಕ್ಕದ ಕೋಣೆಯಲ್ಲಿ ಮೊಣಕಾಲಿಗೆ ಪಟ್ಟಿ ಸುತ್ತಿಸಿಕೊಳ್ಳುತ್ತಿದ್ದ. ಗೋಡೆಯ ಫೋನಿನಿಂದ ಅಲ್ಲಿಗೆ ಕರೆ ಮಾಡಿ ಸ್ಪೀಕರ್ ಹಾಕಿದೆ. ಹುಡುಗರೆಲ್ಲ ಬಾಯಿಗೆ ಟವೆಲ್ ತುರುಕಿಕೊಂಡರು.

"ಹ್ಞಂ... ಡೆಲ್, ಒಂದು ತಂಡ ಕೇಳ್ತಿದೆ ಕಣಯ್ಯ. ಅಕ್ಟೋಬರ್ ಫೈನಲ್ಸ್ ಆಡೋ ತಂಡ. ಹ್ಞಂ... ಇಬ್ರು ಹುಡುಗ್ರನ್ನ ಕೊಡ್ತಾರೆ, ಇನ್ನೂ ಮೀಸೆ ಚಿಗುರಿಲ್ಲ. ನೀನು ಹೂಂ ಅನ್ಬೇಕಷ್ಟೆ."

ಬೈಗುಳಕ್ಕೆ ಕಾದೆವು.

"ಹೂಂ ಸಾರ್" ಎಂದ ಡೆಲ್. "ನಾಲ್ಕು ವರ್ಷದಿಂದ ಈ ಫೋನಿಗೇ ಕಾಯ್ತಿದ್ದೆ. ಕಾದಿದ್ದೆ ಅಂತ ಮಾತ್ರ ಹುಡುಗ್ರಿಗೆ ಹೇಳ್ಬೇಡಿ. ಬೇಜಾರು ಮಾಡ್ಕೋತಾರೆ."

ಟವೆಲ್‌ಗಳು ಒಂದೊಂದಾಗಿ ಕೆಳಗಿಳಿದವು. ನಾನು ಫೋನಿಟ್ಟೆ. ಡೆಲ್ ಕುಂಟುತ್ತ ಬಂದು ತನ್ನ ಗ್ಲೌಸನ್ನು ನನ್ನ ತೊಡೆಯ ಮೇಲಿಟ್ಟ.

"ಇಟ್ಕೋ ಗಿಳಿರಾಯ. ನಗಿಸ್ತಿದ್ದೆ ನೀನು."

"ಡೆಲ್... ಫೋನ್ ಮಾಡಿದ್ದು ನಾನು ಕಣೋ."

ಅವನು ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಸುತ್ತಲೂ ತಲೆ ತಗ್ಗಿಸಿದವರನ್ನು ನೋಡಿದ, ಗಡಿಯಾರ ನೋಡಿದ. ಐದು ನಲವತ್ತು. ಅದೇ ಫೋನಿನಲ್ಲಿ ನಿಜವಾದ ಹಾಲ್ವರ್ಸನ್ನರಿಗೆ ಕರೆ ಮಾಡಿದ. ಸ್ಪೀಕರ್ ಆರಿಸಲು ನನಗೂ ಹೊಳೆಯಲಿಲ್ಲ, ಅವನಿಗೂ ಹೊಳೆಯಲಿಲ್ಲ.

"ಸಾರ್, ಯಾರಾದ್ರೂ ಕೇಳಿದ್ರೆ ನಾನು ಹೊರಡ್ತೀನಿ."

"ಹ್ಞಂ... ಡೆಲ್" ಎಂದಿತು ಫೋನು, ಥೇಟ್ ನನ್ನಂತೆಯೇ. "ಯಾರೂ ಕೇಳಿಲ್ಲಪ್ಪ."

ಡೆಲ್ ಗ್ಲೌಸ್ ವಾಪಸು ತೆಗೆದುಕೊಂಡ. "ಏಳಕ್ಕೆ ಆಟ ಇದೆ" ಎಂದ.

ಅವನು ಮೈದಾನಕ್ಕಿಳಿದಾಗ ಜನ ಎದ್ದು ನಿಂತರು, ನಮ್ಮ ಡೆಲ್ ನಮ್ಮನ್ನು ಬಿಟ್ಟು ಹೋಗಲಿಲ್ಲವೆಂದು. ಅವನು ಟೋಪಿ ಎತ್ತಿ ತೋರಿಸಿದ. ಎರಡನೇ ಸರದಿಯ ನಡುವೆ ಬಂದು ನನ್ನ ಪಕ್ಕವೇ ಕೂತು, ಬೆವರು ಒರೆಸಿಕೊಳ್ಳುತ್ತ ಮೆಲ್ಲಗೆ ಕೇಳಿದ:

"ಅಲ್ಲ, ಯಾವ ತಂಡ ಅಂತ ನೀನು ಹೇಳ್ಲೇ ಇಲ್ವಲ್ಲೋ."

ಗಂಟಲು ಕಟ್ಟಿತ್ತು. ಸರಿಮಾಡಿಕೊಂಡರೆ ಹಾಲ್ವರ್ಸನ್ನರ ಸದ್ದೇ ಬಂದೀತೆಂದು ಸುಮ್ಮನೆ ಕೂತೆ.