ಅತ್ತೆ ಹೂಂಗುಟ್ಟಿದ್ದು

"ಇವಳೆಲ್ಲಿ ಹೋದಳು?"

ಮಾವ ಯಾರನ್ನೂ ಕೇಳಿದ್ದಲ್ಲ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಮೊಬೈಲಿನಲ್ಲಿ ತಮ್ಮದೇ ಹಳೆಯ ಓದನ್ನು ಕೇಳುತ್ತಿದ್ದವರು, ಗೋಡೆಯ ಕಡೆ ನೋಡುತ್ತ ಅಂದರು. ಪಾತ್ರೆ ಒರೆಸುತ್ತಿದ್ದ ನನ್ನ ಕೈ ನಿಂತಿತು.

ಅತ್ತೆ ತೀರಿಕೊಂಡು ವರ್ಷವಾಗಿತ್ತು. ಅದನ್ನು ಅವರು ಮರೆತಿರಲಿಲ್ಲ. ಹುಡುಕುತ್ತಿದ್ದದ್ದು ದನಿಯನ್ನು. ಸಂಜೆಯಾದರೆ ಮಾವ ರಾಗವಾಗಿ ಇಪ್ಪತ್ತು ಮೂವತ್ತು ಪದ್ಯ ಓದುತ್ತಿದ್ದರು. ಅತ್ತೆ ಹೊಲಿಗೆ ಹಿಡಿದು ಎದುರಿಗೆ ಕೂತು, ಪದ್ಯ ಮುಗಿದು ಒಂದು ಗಳಿಗೆ ಬಿಟ್ಟು ಮೆಲ್ಲಗೆ "ಹೂಂ" ಅನ್ನುತ್ತಿದ್ದರು. ಅತ್ತೆಯ ಕೊನೆಯ ಎರಡು ವರ್ಷದ ಮುನ್ನೂರು ಓದುಗಳನ್ನು ನಾನೇ ರೆಕಾರ್ಡ್ ಮಾಡಿ ಮನೆಯ ಸರ್ವರಿನಲ್ಲಿ ಇಟ್ಟಿದ್ದೆ. ಸರ್ವರ್ ಅಂದರೆ ಕಪಾಟಿನ ಕೆಳಗೆ ಸದಾ ಗುಂಯ್‌ಗುಡುವ ಪೆಟ್ಟಿಗೆ. ಅದರೊಳಗೆ ಎರಡು ಡಿಸ್ಕು, ಒಂದು ಕೈಕೊಟ್ಟರೂ ಇನ್ನೊಂದರಲ್ಲಿ ಇರಲೆಂದು ಎರಡರಲ್ಲೂ ಅದೇ ಸರಕು. ಅದರ ಉಸ್ತುವಾರಿ ನನ್ನದು.

ಹೋದ ತಿಂಗಳು ಜಾಗ ಸಾಲದಾಯಿತು. ಸಿನಿಮಾಗಳಿಗೆ ಕೈ ಹಚ್ಚಲು ಮನಸ್ಸಾಗಲಿಲ್ಲ. ಓದು ತಾನೇ ಎಂದುಕೊಂಡು, ಅವನ್ನೆಲ್ಲ ಕುಗ್ಗಿಸಿ, ಸದ್ದಿಲ್ಲದ ಕಡೆ ಕತ್ತರಿಸಿ, ಹಳೆಯದನ್ನು ಅಳಿಸಿಬಿಡುವ ಕೆಲಸವನ್ನು ಪೆಟ್ಟಿಗೆಗೆ ಒಪ್ಪಿಸಿದೆ. ಅತ್ತೆಯ ಹೂಂ ಯಂತ್ರದ ಲೆಕ್ಕಕ್ಕೆ ಸದ್ದೇ ಅಲ್ಲ. ಒಂದನ್ನೂ ಬಿಡದೆ ತೆಗೆದುಹಾಕಿತು. ತಾತನ ತೊಡೆಯ ಮೇಲೆ ಪದ್ಯ ಕೇಳುತ್ತ ಬೆಳೆದವಳು ನಾನು. ಪದ್ಯ ಮುಗಿದಾಗ ದೇವರು ಬಂದು ಕೂರುವಷ್ಟು ಹೊತ್ತು ಸುಮ್ಮನಿರು ಅನ್ನುತ್ತಿದ್ದರು ತಾತ. ಅಂಥವಳು, ಕೆಲಸ ಮುಗಿದ ಮೇಲೆ ಒಂದು ಓದನ್ನಾದರೂ ಕೇಳಿ ನೋಡಲಿಲ್ಲ.

"ಡಿಸ್ಕ್ ಕೆಟ್ಟಿರಬೇಕು ಮಾವ," ಅಂದೆ. ಸುಳ್ಳು ಸಲೀಸಾಗಿ ಬಂತು.

"ಪಾಪ, ಅದಕ್ಕೂ ನನ್ನ ಮಂಡಿ ಥರ ವಯಸ್ಸಾಯ್ತೇನೋ. ಆದ್ರೆ ನೋಡಮ್ಮ, ಇಲ್ಲಾಂದ್ರೆ ಬಿಡು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಪೆಟ್ಟಿಗೆ ಬಿಚ್ಚಿ ಕೂತೆ. "ನಿನ್ನ ಕೂಸಿಗೆ ಏನಂತೆ, ಜ್ವರಾನಾ?" ಅಂದರು ನನ್ನ ಗಂಡ.

"ರೀ, ಸ್ವಲ್ಪ ಸುಮ್ನಿರ್ತೀರಾ?"

ಪೆಟ್ಟಿಗೆ ತನ್ನಷ್ಟಕ್ಕೆ ಬರೆದಿಟ್ಟುಕೊಂಡಿದ್ದ ವರದಿಯನ್ನು ಓದಿದೆ. ನನ್ನ ಸುಳ್ಳಿನಲ್ಲಿ ಅರ್ಧ ನಿಜವಿತ್ತು. ಕತ್ತರಿಸುವ ಕೆಲಸ ಶುರುವಾದ ಕೆಲವೇ ನಿಮಿಷಕ್ಕೆ ಒಂದು ಡಿಸ್ಕು ಕೈಕೊಟ್ಟು ಜೋಡಿಯಿಂದ ಕಳಚಿಕೊಂಡಿತ್ತು. ಎಚ್ಚರಿಕೆ ಬಂದಿತ್ತು, ನಾನು ತೆರೆದಿರಲಿಲ್ಲ. ಹಾಗಾದರೆ ಆಮೇಲೆ ಕತ್ತರಿಸಿದ್ದು ಆ ಡಿಸ್ಕನ್ನು ಮುಟ್ಟಿಲ್ಲ! ದೇವರೇ ಎಂದು ಅದನ್ನು ಹೊರತೆಗೆದು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಅದರ ಮೇಲೆ ಏನೂ ಬರೆಯದಂತೆ ಮಾಡಿ, ಒಂದೊಂದೇ ಓದನ್ನು ಈಚೆಗೆ ಎಳೆದುಕೊಂಡೆ. ಹನ್ನೊಂದು ಬಂದವು. ಹನ್ನೆರಡನೆಯದಕ್ಕೆ ಟಕ್ ಟಕ್ ಎಂದು ನಿಂತೇಬಿಟ್ಟಿತು.

ಮರುದಿನ ರಿಪೇರಿ ಅಂಗಡಿಯವನು ಬಿಚ್ಚಿ ನೋಡಿ, "ಒಳಗಿನ ತಟ್ಟೆ ಪೂರ್ತಿ ಗೀಚಿಹೋಗಿದೆ ಅಕ್ಕಾ. ಯಾರ ಹತ್ರ ಹೋದ್ರೂ ಇಷ್ಟೇ, ಆಸೆ ಬಿಡಿ," ಅಂದ.

ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೇರ ಮಾವನ ಮುಂದೆ ನೆಲದ ಮೇಲೆ ಕೂತೆ.

"ಡಿಸ್ಕಿಂದಲ್ಲ ಮಾವ. ನಾನೇ ಅತ್ತೇನ ಕತ್ತರಿಸಿ ಹಾಕಿದ್ದು. ಜಾಗ ಸಾಲ್ದು ಅಂತ."

ಅವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಳ್ಳಲಿಲ್ಲ.

"ಎಷ್ಟು ಉಳಿದಿದೆ?"

"ಹನ್ನೊಂದು."

"ಒಂದು ಹಾಕು."

ಹಾಕಿದೆ. ಮೊದಲ ಪದ್ಯ ಮುಗಿಯಿತು. ಹೊರಗೆಲ್ಲೋ ಬಾಗಿಲು ಬಡಿದ ಸದ್ದು, ದಾರ ಕಡಿದ ಸದ್ದು, ಆಮೇಲೆ "ಹೂಂ." ಮಾವ ದನಿ ಬಂದ ಕಡೆಗೆ ಬಾಗಿದರು. ನನಗೆ ನೋಡಲಾಗಲಿಲ್ಲ.

"ಮಾವ, ಈ ಹನ್ನೊಂದರಲ್ಲೇ ನೂರಾರು ಹೂಂ ಇವೆ. ಅವನ್ನೇ ಎತ್ತಿ ಮಿಕ್ಕಿದ್ದಕ್ಕೆಲ್ಲ ಸೇರಿಸ್ತೀನಿ. ಎಷ್ಟು ದಿನ ಹಿಡಿದ್ರೂ ಸರಿ. ಗೊತ್ತೇ ಆಗಲ್ಲ."

"ಪ್ರತಿ ಪದ್ಯಕ್ಕೂನಾ?"

"ಪ್ರತಿ ಪದ್ಯಕ್ಕೂ."

"ಅವಳು ಪ್ರತಿ ಪದ್ಯಕ್ಕೂ ಹೂಂ ಅಂದವಳಲ್ಲಮ್ಮ. ನಾನು ಅವಸರದಲ್ಲಿ ಓದಿದ್ರೆ ತುಟಿ ಬಿಗಿದು ಕೂರ್ತಿದ್ಲು. ಮಾರನೇ ದಿನ ಅದನ್ನೇ ಮತ್ತೆ ಓದಿಸೋಳು."

"ಅಷ್ಟಾದ್ರೂ ಮಾಡೋಕೆ ಬಿಡಿ ಮಾವ. ಕೈ ಮುಗೀತೀನಿ."

"ಬೇಡ. ನಲವತ್ತು ವರ್ಷ ಜೊತೇಲಿದ್ದೂ ಅವಳಿಗೆ ಬೇಡವಾದ ಕಡೆ ನಾನು ಹೂಂ ಅನ್ನಿಸಲಿಲ್ಲ. ನೀನೂ ಅನ್ನಿಸಬೇಡ."