ಹಾಲ್‌ಬರಿ ದೋಣಿ ಸಂಘದ ಒಂದೇ ಪಂದ್ಯ

ಸೆವೆರ್ನ್ ನದಿಯ ದಡದ ಹಾಲ್‌ಬರಿಯಲ್ಲಿ ದೋಣಿ ಸಂಘ ಕಟ್ಟುವ ಹುಚ್ಚು ಹತ್ತಿದ್ದು ಬಟ್ಟೆ ಅಂಗಡಿಯ ಗುಮಾಸ್ತ ಈನಕ್ ಪಾರ್ಡೋಗೆ. ದಿನವಿಡೀ ರಿಬ್ಬನ್ ಅಳೆದು ಬೇಸತ್ತವನಿಗೆ ಸಂಜೆಯಾದರೂ ಹುಟ್ಟು ಹಾಕಿ ಬೆವರಬೇಕೆಂಬ ಹಂಬಲ. ಔಷಧದಂಗಡಿಯವನನ್ನೂ ವಕೀಲರ ಬರಹಗಾರನನ್ನೂ ಕಾಡಿ ಬೇಡಿ ಸೇರಿಸಿಕೊಂಡ. ನಿಜವಾದ ಬಲ ಬಂದದ್ದು ಮಾತ್ರ ಬೇಕರಿಯ ಜೇಬೆಜ್ ಟಾಲಿಯಿಂದ. ಹಿಟ್ಟು ನಾದಿ ನಾದಿ ಅವನ ತೋಳುಗಳು ಕಂಬದಂತಾಗಿದ್ದವು. ಕಡ್ಡಿಯಂಥ ಮೇಷ್ಟರು ಸೈಲಸ್ ಚುಕ್ಕಾಣಿಗೆ ಕೂತರು.

ಆಗಸ್ಟಿನ ಪಂದ್ಯದ ದಿನ ಎದುರಾಳಿಗಳಾದ ಜಮೀನ್ದಾರರ ಮಕ್ಕಳು ಜೇಬೆಜ್‌ನ ಬಗ್ಗೆ ತಕರಾರು ತೆಗೆದರು. ಮೈಮುರಿದು ದುಡಿದು ತಿನ್ನುವವನು ಹವ್ಯಾಸಿಯಲ್ಲ, ಅವನು ಹುಟ್ಟು ಹಾಕುವಂತಿಲ್ಲ ಎಂಬ ನಿಯಮವಿತ್ತು. ತೀರ್ಪುಗಾರ ಕರ್ನಲ್ ಸಾಹೇಬರು ಹೌದೆಂದು ತಲೆಯಾಡಿಸಿದರು. ಜೇಬೆಜ್ ಕೋಟು ತೊಡತೊಡಗಿದ. ಈನಕ್ ಕರ್ನಲ್ಲರ ಮುಂದೆ ಹೋಗಿ ನಿಂತ.

“ಸಾಹೇಬ್ರೇ, ಚುಕ್ಕಾಣಿ ಹಿಡಿಯೋನು ಹುಟ್ಟು ಹಾಕ್ತಾನಾ?”

“ಇಲ್ಲಪ್ಪ, ಸುಮ್ನೆ ಕೂತಿರ್ತಾನೆ.”

“ಹಂಗಾದ್ರೆ ನಮ್ಮ ಜೇಬೆಜ್ ಸುಮ್ನೆ ಕೂತಿರ್ತಾನೆ ಬಿಡಿ.”

ಕರ್ನಲ್ ಮೀಸೆಯೊಳಗೇ ನಕ್ಕು ಒಪ್ಪಿದರು. ಜೇಬೆಜ್‌ನ ಬದಲು ಮೇಷ್ಟರು ಹುಟ್ಟು ಹಿಡಿದರು. ಜೇಬೆಜ್ ಕೂತದ್ದೇ ದೋಣಿಯ ಹಿಂಭಾಗ ಕುಸಿದು, ಮೂತಿ ಆಕಾಶ ನೋಡಿತು.

“ಏನಯ್ಯಾ, ಮಾರದೆ ಉಳಿದ ಬ್ರೆಡ್ಡನ್ನೆಲ್ಲಾ ನೀನೇ ತಿಂದ್ಯಾ?” ಎಂದು ದಡದಿಂದ ಯಾರೋ ಕೆಣಕಿದರು.

“ಇಲ್ಲ, ಅದನ್ನ ನಿಮ್ಮನೆಗೇ ಕಳಿಸಿದೀನಿ,” ಎಂದ ಜೇಬೆಜ್.

ಎದುರಾಳಿಗಳು ಕ್ಷಣದಲ್ಲಿ ಮುಂದೆ ಹೋದರು. ಆದರೆ ಹುಟ್ಟು ಹಾಕುವವರ ಮುಖ ಹಿಂದಕ್ಕಲ್ಲವೇ? ಮೂತಿ ಎತ್ತಿಕೊಂಡು ಬರುತ್ತಿದ್ದ ಈ ದೋಣಿ ಅವರ ಕಣ್ಣೆದುರೇ ಇತ್ತು. ನಗು ತಡೆಯಲಾರದೆ ಲಯ ತಪ್ಪಿದರು. ಅವರ ದೋಣಿ ಮರಳುದಿಬ್ಬಕ್ಕೆ ಸಿಕ್ಕಿಕೊಂಡಿತು. ಇತ್ತ ಜೇಬೆಜ್ ಬೀದಿ ಬೀದಿಯಲ್ಲಿ ಬ್ರೆಡ್ಡು ಕೂಗುವ ಗಂಟಲಿನಲ್ಲೇ ತಾಳ ಹಾಕಿದ. ಈನಕ್‌ನ ಅಂಗೈ ಸುಲಿದಿತ್ತು, ಕುಸಿದ ಹಿಂಭಾಗದಿಂದ ದೋಣಿಗೆ ನೀರು ನುಗ್ಗುತ್ತಿತ್ತು. ಅವನಿಗೆ ಯಾವುದರ ಪರಿವೆಯೂ ಇರಲಿಲ್ಲ. ಗುರಿಯ ಗೆರೆ ಇನ್ನೇನು ಸಿಕ್ಕಿತು ಎನ್ನುವಾಗ ದೋಣಿ ನೀರು ತುಂಬಿ ಅಂಚಿನವರೆಗೆ ಮುಳುಗಿತು. ಎದೆಮಟ್ಟದ ನೀರಲ್ಲಿ ಎದ್ದುನಿಂತ ಜೇಬೆಜ್, ಸೊಂಟದವರೆಗೆ ನೀರಲ್ಲಿ ಕೂತಿದ್ದ ನಾಲ್ವರನ್ನೂ ದೋಣಿಸಮೇತ ನೂಕಿಕೊಂಡು ಹೊರಟ. ಅಷ್ಟರಲ್ಲಿ ಬಿಡಿಸಿಕೊಂಡು ಬಂದ ಎದುರಾಳಿಗಳು ಗೆರೆ ದಾಟಿಯೇಬಿಟ್ಟರು. ಊರು ಮಾತ್ರ ಜೇಬೆಜ್‌ನನ್ನೇ ಮುತ್ತಿಕೊಂಡಿತು.

ಆ ಸಂಜೆ ಗೆದ್ದವರ ನಾಯಕ ಈನಕ್‌ನನ್ನು ತಮ್ಮ ಸಂಘಕ್ಕೆ ಕರೆದ. ಜೇಬೆಜ್‌ಗೂ ಜಾಗವಿದೆಯೇ ಎಂದು ಈನಕ್ ಕೇಳಿದ. ಆತ ಕೆಮ್ಮಿದ. ಈನಕ್ ಟೋಪಿ ಎತ್ತಿ ವಂದಿಸಿ ಬಂದುಬಿಟ್ಟ.

ಮರುವರ್ಷದ ಹೊತ್ತಿಗೆ ಮೇಷ್ಟರಿಗೆ ಬೇರೆ ಊರಲ್ಲಿ ಕೆಲಸವಾಯಿತು, ಇನ್ನಿಬ್ಬರಿಗೆ ಮದುವೆಯಾಯಿತು, ಸಂಘ ಮುಗಿಯಿತು. ಆದರೂ ಭಾನುವಾರ ಸಂಜೆ ಈನಕ್ ಮತ್ತು ಜೇಬೆಜ್ ನದಿಗೆ ಹೋಗುತ್ತಿದ್ದರು. ನಾಲ್ವರ ದೋಣಿಯಲ್ಲಿ ಇಬ್ಬರು. ಜೇಬೆಜ್ ಒಮ್ಮೆ ಎಳೆದರೆ ದೋಣಿ ಗಿರ್ರನೆ ತಿರುಗುತ್ತಿತ್ತು, ಈನಕ್ ಬಿದ್ದು ಬಿದ್ದು ನಗುತ್ತಿದ್ದ.