ಡಿಸ್ಕಿನ ಹಿಂದಿನ ತುಕ್ಕು

"ಆ ಗಾಡಿಗೆ ನನ್ನ ಕೈ ತಾಗೇ ಇಲ್ಲ. ಯಾರ ಮುಂದೆ ಬೇಕಾದ್ರೂ ಹೇಳ್ತೀನಿ," ಎಂದಳು ತಂಗಿ.

"ಮೆಲ್ಲಗೆ ಮಾತಾಡು. ಮೇಡಂ ಹೊರಗೇ ನಿಂತಿದ್ದಾರೆ."

"ಕೇಳಲಿ ಅಂತಲೇ ಜೋರಾಗಿ ಹೇಳ್ತಿರೋದು. ಕೋತಿ ತಾನು ಮೊಸರು ತಿಂದು ಮೇಕೆ ಮೂತಿಗೆ ಒರೆಸಿತಂತೆ. ಬ್ರೇಕ್ ಡಿಸ್ಕ್ ಹಾಕಿದ್ದು ನೀನು, ಕೆಟ್ಟ ಹೆಸರು ನನಗೆ."

ಅಣ್ಣ ಟೀ ಲೋಟವನ್ನು ಬೆಂಚಿನ ಮೇಲೆ ಕುಕ್ಕಿದ. "ನೀನು ಮಾಡಿದ್ರೇನು, ನಾನು ಮಾಡಿದ್ರೇನು? ಗ್ಯಾರೇಜ್ ಬೋರ್ಡಿನ ಮೇಲಿರೋದು ಅಪ್ಪನ ಹೆಸರು."

"ಹಾಗಾದ್ರೆ ನಿನ್ನ ಹೆಸರೇ ಹೇಳಬಹುದಿತ್ತಲ್ಲ."

ಅವನು ಲೋಟ ಎತ್ತಿಕೊಂಡು ತಳ ನೋಡಿದ. ಮಾತು ತನ್ನ ಮೇಲೆ ತಿರುಗಿದಾಗಲೆಲ್ಲ ಅದೇ ಅವನ ಅಭ್ಯಾಸ.

ಅಪ್ಪ ಹೋದ ಮೇಲೆ ಗ್ಯಾರೇಜನ್ನು ಅಣ್ಣ ತಂಗಿ ಇಬ್ಬರೂ ಸೇರಿ ನಡೆಸಿದ್ದರು. ಬೆಳಗ್ಗೆ ಶಟರ್ ಎತ್ತುವವಳು ತಂಗಿ, ಗಿರಾಕಿಗಳ ಜೊತೆ ಮಾತಾಡುವವನು ಅಣ್ಣ. ಹಾಗೇ ಇಬ್ಬರ ತಲೆಯೂ ನರೆತಿತ್ತು. ಗಾಡಿ ಸರಿಹೋದರೆ "ನಾನೇ ನಿಂತು ನೋಡಿದೆ" ಎನ್ನುವನು. ಕೆಟ್ಟರೆ "ನಮ್ಮ ತಂಗಿ ಕೈಯಿಟ್ಟಿದ್ಲು, ಬಿಡಿ" ಎಂದು ನಗುವನು. ಗಿರಾಕಿಯೂ ನಗುವನು. ಇಷ್ಟು ವರ್ಷ ಅವಳು ಅದನ್ನೆಲ್ಲ ಉಗುಳಿನ ಜೊತೆ ನುಂಗಿದ್ದಳು.

ಈ ಸಲ ನುಂಗಲಾಗಲಿಲ್ಲ. ಕಾರು ಓಡಿಸಲು ಕಲಿಸುವ ಈ ಮೇಡಂ ಒಬ್ಬರೇ "ನನ್ನ ಗಾಡಿ ನಿಮ್ಮ ತಂಗಿಯೇ ನೋಡಲಿ" ಎಂದು ಕೇಳಿ ಬರುತ್ತಿದ್ದವರು. ಹೋದ ವಾರ ತಂಗಿ ಜ್ವರ ಬಂದು ಮಲಗಿದ್ದಾಗ ಬೆಳಗ್ಗೆ ಗಾಡಿ ಬಿಟ್ಟುಹೋಗಿ, ಮುಂದಿನ ಚಕ್ರಗಳಿಗೆ ಹೊಸ ಡಿಸ್ಕ್ ಹಾಕಿದ ಮೇಲೆ ಸಂಜೆ ಬಂದು ಒಯ್ದಿದ್ದರು; ಹಾಕಿದ್ದು ಯಾರೆಂದು ಅವರು ನೋಡಿರಲಿಲ್ಲ. ಇವತ್ತು ಬಂದವರು, "ಬ್ರೇಕ್ ಒತ್ತಿದ್ರೆ ಸ್ಟೇರಿಂಗು ಗಡಗಡ ಅಂತ ನಡುಗುತ್ತೆ. ಇನ್ಮೇಲೆ ನನ್ನ ಗಾಡಿಗೆ ಆಕೆ ಕೈ ಹಚ್ಚೋದು ಬೇಡ" ಎಂದಿದ್ದರು. ಅಣ್ಣ ಎಲ್ಲವನ್ನೂ ಆಗಲೇ ಅವಳ ತಲೆಗೆ ಕಟ್ಟಿಯಾಗಿತ್ತು.

ಅವಳು ಹೊರಗೆ ಬಂದು ಕೈ ಚಾಚಿದಳು. "ಮೇಡಂ, ಕೀ ಕೊಡಿ. ನೀವೂ ಕೂತ್ಕೊಳ್ಳಿ. ನಾನು ಕೆಡಿಸಿದ್ದೋ ಅಲ್ಲವೋ ನಿಮ್ಮ ಕಣ್ಣಾರೆ ನೋಡಿ."

ಅಣ್ಣ ಬಾಗಿಲಿಗೆ ಬಂದ. "ಅವರ ಹತ್ರ ಕಲಿಯೋರು ಬ್ರೇಕನ್ನ ಜಿರಲೆ ತುಳಿದ ಹಾಗೆ ತುಳೀತಾರೆ. ಡಿಸ್ಕ್ ಇನ್ನೇನಾಗುತ್ತೆ?"

"ನನ್ನ ಹತ್ರ ಕಲಿಯೋರ ಕಾಲು ನಡುಗಬಹುದು ಸ್ವಾಮಿ," ಎಂದರು ಮೇಡಂ. "ಗಾಡಿ ನಡುಗಬಾರದು."

ರಸ್ತೆ ಕೊನೆಯ ಗೋದಾಮಿನವರೆಗೆ ಹೋದರು. ಸುಮ್ಮನೆ ವೇಗವಾಗಿ ಓಡಿಸಿದಾಗ ಗಾಡಿ ಹರಿಯುವ ನೀರಿನಂತಿತ್ತು. ಅಂದರೆ ಚಕ್ರದ ಬ್ಯಾಲೆನ್ಸಿನ ತೊಂದರೆಯಲ್ಲ. ಬ್ರೇಕ್ ಒತ್ತಿದ ಕೂಡಲೇ ಸ್ಟೇರಿಂಗು ಕೈಯಲ್ಲಿ ಒದ್ದಾಡಿತು. ಖಾಲಿ ರಸ್ತೆಯಲ್ಲಿ ಹ್ಯಾಂಡ್‌ಬ್ರೇಕನ್ನು ಮೆಲ್ಲಗೆ ಎಳೆದು ನೋಡಿದಳು. ಹಿಂದಿನ ಚಕ್ರಗಳು ಮಾತ್ರ ಹಿಡಿದವು, ಗಾಡಿ ಅಲುಗದೆ ನಿಂತಿತು. "ಹಿಂದಿನವು ನೆಟ್ಟಗಿವೆ. ರೋಗ ಮುಂದೆ," ಎಂದಳು.

ವಾಪಸು ಬಂದು ಜಾಕ್ ಏರಿಸಿ ಎಡಗಡೆಯ ಚಕ್ರ ಬಿಚ್ಚಿದಳು. ಕೂದಲೆಳೆಯಷ್ಟು ಡೊಂಕನ್ನೂ ಅಳೆಯುವ ತನ್ನ ಸ್ವಂತದ ಡಯಲ್ ಗೇಜನ್ನು ಡಿಸ್ಕಿಗೆ ತಾಗಿಸಿ ನಿಲ್ಲಿಸಿ, ಡಿಸ್ಕನ್ನು ಕೈಯಿಂದ ತಿರುಗಿಸಿದಳು. ಮುಳ್ಳು ಒಂದು ಕಡೆ ಏರಿತು, ಇನ್ನೊಂದು ಕಡೆ ಇಳಿಯಿತು.

"ನೋಡಿದ್ಯಾ? ಡಿಸ್ಕೇ ಸೊಟ್ಟ," ಎಂದ ಅಣ್ಣ. "ಮಾಲೇ ಸರಿಯಿಲ್ಲ. ಬೇರೆ ತರಿಸಿ ಹಾಕೋಣ."

"ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ. ನೀನು ನೆಲವನ್ನೇ ಹೊಸದಾಗಿ ಹಾಕಿಸ್ತೀಯ. ಸ್ವಲ್ಪ ಸುಮ್ಮನಿರು."

ಡಿಸ್ಕನ್ನು ಎಳೆದು ತೆಗೆದಳು. ಅದು ಕೂರುವ, ಚಕ್ರದ ನಡುವಿನ ಹಬ್ಬಿನ ಮುಖದ ಮೇಲೆ ಹಳೆಯ ತುಕ್ಕು ಒಣಗಿದ ಗಾಯದ ಹಕ್ಕಳೆಯಂತೆ ಅಂಟಿಕೊಂಡಿತ್ತು. ಉಗುರು ಹಾಕಿದರೆ ಚೂರುಚೂರಾಗಿ ಏಳುತ್ತಿತ್ತು. ಅದರ ಮೇಲೇ ಹೊಸ ಡಿಸ್ಕ್ ಕೂರಿಸಿ, ಗಾಳಿ ಒತ್ತಡದ ಗನ್ನಿನಲ್ಲಿ ಬೋಲ್ಟುಗಳನ್ನು ಒಂದರ ಪಕ್ಕ ಒಂದರಂತೆ ಬಿಗಿದು ಕಳಿಸಿದ್ದ ಅಣ್ಣ. ಕಲ್ಲಿನ ಚೂರಿನ ಮೇಲೆ ಮಣೆ ಹಾಕಿದರೆ ಮಣೆ ಅಲುಗದೆ ಇರುತ್ತದೆಯೇ?

"ಮೇಡಂ, ಹೋದ ವರ್ಷ ನಿಮ್ಮ ಹಿಂದಿನ ಚಕ್ರ ಬಿಚ್ಚಿದ್ದಾಗ ನೀವು ನನ್ನ ಪಕ್ಕದಲ್ಲೇ ನಿಂತಿದ್ರಿ. ಹಬ್ಬಿಗೆ ಏನು ಮಾಡಿದ್ದೆ?"

ಮೇಡಂ ಬಗ್ಗಿ ನೋಡಿದರು. "ಪಾತ್ರೆ ಥರ ಉಜ್ಜಿದ್ರಿ. ಗ್ರೀಸ್ ಸವರಿದ್ರಿ. ಇಷ್ಟು ಹೊತ್ತು ಏನು ಮಾಡ್ತೀರಿ ಅಂತ ನಾನೇ ಬೈದಿದ್ದೆ."

"ಇಲ್ಲಿ ಉಜ್ಜಿದ ಗುರುತು ಕಾಣುತ್ತಾ?"

ಇರಲಿಲ್ಲ. ಅವಳು ತಂತಿ ಬ್ರಷ್ಷು ತೆಗೆದುಕೊಂಡು ಕೂತಳು. ತುಕ್ಕು ಉದುರಿ ಸೀರೆಯ ಮೇಲೆಲ್ಲ ಕೆಂಪಾಯಿತು. ಹಬ್ಬು ಬೆಳ್ಳಗೆ ಮಿನುಗಿದ ಮೇಲೆ ತೆಳ್ಳಗೆ ಗ್ರೀಸ್ ಸವರಿ, ಅದೇ ಡಿಸ್ಕನ್ನು ಮತ್ತೆ ಕೂರಿಸಿದಳು. ಈಗ ಡಿಸ್ಕ್ ತಿರುಗಿಸಿದರೂ ಗೇಜಿನ ಮುಳ್ಳು ನಿದ್ದೆ ಹೋದವರಂತೆ ಬಿದ್ದಿತ್ತು. ಬಲಗಡೆಯದೂ ಹಾಗೇ ಆಯಿತು. ಬೋಲ್ಟುಗಳನ್ನು ಕೈ ಸ್ಪ್ಯಾನರಿನಲ್ಲಿ ಎದುರುಬದುರಾಗಿ ಬಿಗಿದಳು.

"ಬೇಗ ಬಂದ್ರಿ. ಇನ್ನೊಂದಷ್ಟು ದಿನ ಹೀಗೇ ಓಡಿಸಿದ್ದಿದ್ರೆ ಡಿಸ್ಕು ಒಂದೇ ಕಡೆ ಸವೆದು ನಿಜಕ್ಕೂ ಹಾಳಾಗ್ತಿತ್ತು."

ಮೇಡಂ ಒಬ್ಬರೇ ಒಂದು ಸುತ್ತು ಹೋಗಿ ಬಂದರು. ಬಾಗಿಲ ಮುಂದೆ ಗಕ್ಕನೆ ಬ್ರೇಕ್ ಒತ್ತಿದರು. ಗಾಡಿ ತಲೆ ಬಗ್ಗಿಸಿ ತಣ್ಣಗೆ ನಿಂತಿತು.

ತಂಗಿ ಅಣ್ಣನ ಕಡೆ ತಿರುಗಿದಳು. "ಈಗ ಹೇಳು. ಯಾರು ಹಾಕಿದ್ದು ಅಂತ ಇವರ ಮುಂದೆ ಹೇಳು. ನನಗೆ ಬೇರೇನೂ ಬೇಡ."

ಅಣ್ಣ ಕುತ್ತಿಗೆ ತುರಿಸಿಕೊಂಡ. ಮೇಡಂ ಕಾಯುತ್ತಿದ್ದರು. ಕೊನೆಗೆ ಅವನ ಮುಖದ ಮೇಲೆ ಅದೇ ಹಳೆಯ ನಗು ಬಂತು. "ಬಿಡಿ ಮೇಡಂ, ಅವಳೇ ಕೆಡಿಸಿದ್ಲು, ಅವಳೇ ಸರಿ ಮಾಡಿದ್ಲು. ಲೆಕ್ಕ ಸರಿಹೋಯ್ತು."

ಮೇಡಂ ನಗಲಿಲ್ಲ.

ತಂಗಿ ಕೈ ತೊಳೆಯಲಿಲ್ಲ. ಗೇಜನ್ನು ಡಬ್ಬಿಗೆ ಹಾಕಿದಳು. ತನ್ನ ಸ್ಪ್ಯಾನರುಗಳನ್ನು ಒಂದೊಂದಾಗಿ ಎಣ್ಣೆಬಟ್ಟೆಯಲ್ಲಿ ಸುತ್ತಿದಳು. ಅಪ್ಪನ ಸುತ್ತಿಗೆಯನ್ನು ಕೈಗೆತ್ತಿಕೊಂಡು ನೋಡಿ ಅಲ್ಲೇ ಇಟ್ಟಳು.

"ಎಲ್ಲಿಗೆ? ಇನ್ನೂ ಎರಡು ಗಾಡಿ ಬಿಚ್ಚಿ ಬಿದ್ದಿವೆ," ಎಂದ ಅಣ್ಣ.

"ಮೇಕೆ ಹೊರಟಿದೆ ಅಣ್ಣ. ಇನ್ಮೇಲೆ ಒರೆಸೋಕೆ ಬೇರೆ ಮೂತಿ ಹುಡುಕ್ಕೋ."

"ಹೊಟ್ಟೆ ಹಸಿದ್ರೆ ತಾನೇ ಬರ್ತಾಳೆ," ಎಂದು ಅವನು ಮೇಡಂಗೆ ಹೇಳಿದ್ದು ಅವಳಿಗೂ ಕೇಳಿಸಿತು. ಶಟರಿನ ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿ ಅವನ ಟೀ ಲೋಟದೊಳಗೆ ಹಾಕಿದಳು. ಲೋಟ ಠಣ್ಣೆಂದಿತು. ತುಕ್ಕು ಮೆತ್ತಿದ ಸೀರೆಯಲ್ಲೇ ರಸ್ತೆಗಿಳಿದು ನಡೆದುಬಿಟ್ಟಳು.

ಮರುದಿನ ಬೆಳಗ್ಗೆ ಶಟರ್ ಎತ್ತಿದವನು ಅಣ್ಣ. ಅದರ ಮರುದಿನವೂ ಅವನೇ.